ಯಾವ ಅಂಕಪಟ್ಟಿಯನ್ನು ಮುಂದಿಡಬೇಕು?

ಒಂದು ಕಾಲದಲ್ಲಿ ವಿದ್ಯಾರ್ಥಿನಿಗೆ ಪರೀಕ್ಷೆಯೆಂದರೆ ಒಂದೇ, ಅಂಕಪಟ್ಟಿಯೆಂದರೆ ಒಂದೇ. ಬಂದ ಅಂಕಗಳು ಬಹಳವಾಗಲಿ ಕೊಂಚವಾಗಲಿ, ಅವನ್ನೇ ಕೈಯಲ್ಲಿ ಹಿಡಿದುಕೊಂಡು ಕಾಲೇಜಿನ ಬಾಗಿಲಿಗೆ ಹೋಗುವುದಲ್ಲದೆ ಬೇರೆ ದಾರಿಯಿರಲಿಲ್ಲ. ಆದಕಾರಣ ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಈಗಿನ ಸ್ಥಿತಿ ಬೇರೆ. ದ್ವಿತೀಯ ಪಿ.ಯು.ಸಿ.ಯನ್ನು ಮುಗಿಸಿದ ಹದಿನೆಂಟು ವರ್ಷದ ಹುಡುಗಿಯೊಬ್ಬಳ ಬಳಿ ಪಿ.ಯು.ಸಿ.ಯ ಮೊದಲನೆಯ ಪರೀಕ್ಷೆಯ ಅಂಕಗಳಿರಬಹುದು, ಎರಡನೆಯ ಪರೀಕ್ಷೆಯ ಅಂಕಗಳಿರಬಹುದು, ಸಿ.ಇ.ಟಿ., ಕಾಮೆಡ್‌ಕೆ, ಜೆ.ಇ.ಇ., ನೀಟ್ ಎಂಬ ಪರೀಕ್ಷೆಗಳ ಅಂಕಗಳಿರಬಹುದು. ಇವುಗಳಲ್ಲಿ ಯಾವುದನ್ನು ಯಾರ ಮುಂದೆ ಇಡಬೇಕು? ಯಾವುದಕ್ಕಾಗಿ ಮತ್ತೊಮ್ಮೆ ಶ್ರಮಪಡಬೇಕು? ಯಾವುದನ್ನು ಅಲ್ಲಿಗೇ ಬಿಡಬೇಕು? ಪ್ರತಿವರ್ಷವೂ ಫಲಿತಾಂಶಗಳು ಹೊರಬೀಳುವ ಕಾಲಕ್ಕೆ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಅವರ ತಂದೆತಾಯಿಗಳೂ ಗುಬ್ಬಿಯಿಂದಲೂ ಕುಣಿಗಲಿನಿಂದಲೂ ಬಸ್ಸು ಹತ್ತಿ ಬಟವಾಡಿಯ ನಮ್ಮ ಶಾಲೆಗೆ ಬಂದು ಕೇಳುವ ಪ್ರಶ್ನೆ ಇದೇ ಆಗಿದೆ. ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ಹೇಳುತ್ತ ಬಂದುದನ್ನು ಎಲ್ಲರಿಗೂ ಒಟ್ಟಾಗಿ ಹೇಳಲು ಈ ಸಂಚಿಕೆಯು ತಕ್ಕ ಸ್ಥಳವೆಂದು ಭಾವಿಸಿ ನಮ್ಮ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇವೆ.

ಇಷ್ಟೊಂದು ಪರೀಕ್ಷೆಗಳು ಏಕೆ ಬಂದವೆಂದು ಬೇಸರಪಡುವವರು ಅವುಗಳ ಪೂರ್ವವೃತ್ತಾಂತವನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಅದರಲ್ಲಿ ನಮ್ಮ ತುಮಕೂರಿಗೂ ಒಂದು ಪಾಲುಂಟು. ವೃತ್ತಿಶಿಕ್ಷಣದ ಕಾಲೇಜುಗಳಲ್ಲಿ ಸ್ಥಾನಗಳು ಹಣವುಳ್ಳವರ ಪಾಲಾಗುತ್ತಿವೆ ಎಂಬ ದೂರು ಬಲವಾಗಿದ್ದ ಕಾಲದಲ್ಲಿ, ತುಮಕೂರಿನ ವೈದ್ಯಕೀಯ ಕಾಲೇಜೊಂದರ ಪ್ರವೇಶಕ್ಕೆ ಸಂಬಂಧಿಸಿದಂತೆ ಹೊರರಾಜ್ಯದ ವಿದ್ಯಾರ್ಥಿನಿಯೊಬ್ಬಳು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಳು. ಕರ್ನಾಟಕದವರಲ್ಲದವರಿಗೆ ಆಗ ಗೊತ್ತುಮಾಡಿದ್ದ ವರ್ಷಕ್ಕೆ 60,000 ರೂಪಾಯಿಗಳ ಶುಲ್ಕವೇ ಆ ವ್ಯಾಜ್ಯದ ವಿಷಯ. ಮೋಹಿನಿ ಜೈನ್ ಮೊಕದ್ದಮೆಯೆಂದು ಹೆಸರಾದ ಇದರ ತೀರ್ಪು 1992ರಲ್ಲಿ ಹೊರಬಿದ್ದು, ಕ್ಯಾಪಿಟೇಷನ್ ಶುಲ್ಕವು ನ್ಯಾಯಕ್ಕೆ ವಿರುದ್ಧವಾದುದೆಂದು ಸ್ಥಾಪಿತವಾಯಿತು. ಮರುವರ್ಷ ಅದೇ ನ್ಯಾಯಾಲಯದ ಮತ್ತೊಂದು ತೀರ್ಪು ಬಂದಿತು. ಅವುಗಳ ಹಿಂದೆಯೇ, 1994ರಲ್ಲಿ, ನಮ್ಮ ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಎಂದರೆ ಸಿ.ಇ.ಟಿ., ಆರಂಭವಾಯಿತು. ಹಣದ ಚೀಲಕ್ಕೆ ಬದಲಾಗಿ ಉತ್ತರಪತ್ರಿಕೆಯು ಬಾಗಿಲನ್ನು ತೆರೆಯಲೆಂಬುದೇ ಅದರ ಉದ್ದೇಶ. ಅನಂತರ 2004ರಲ್ಲಿ ಖಾಸಗಿ ಕಾಲೇಜುಗಳವರು ಕೂಡಿಕೊಂಡು ಕಾಮೆಡ್‌ಕೆಯನ್ನು ಸ್ಥಾಪಿಸಿದರು. 2017ರಿಂದ ನಮ್ಮ ರಾಜ್ಯದ ವೈದ್ಯಕೀಯ ಸ್ಥಾನಗಳಿಗೆ ನೀಟ್ ಒಂದೇ ಅಳತೆಗೋಲಾಯಿತು. 2019ರಿಂದ ಜೆ.ಇ.ಇ. ಮೇನ್ ಪರೀಕ್ಷೆಯನ್ನು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೆಸಿ, ಬಂದುದರಲ್ಲಿ ಮೇಲಾದುದನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿ ಬಂದಿತು. 2024ರಲ್ಲಿ ನಮ್ಮ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ.ಗಳಿಗೂ ಇದೇ ಕ್ರಮವನ್ನು ತಂದರು. ವಾರ್ಷಿಕ ಪರೀಕ್ಷೆ, ಪೂರಕ ಪರೀಕ್ಷೆ ಎಂಬ ಹೆಸರುಗಳು ಹೋಗಿ, ಪರೀಕ್ಷೆ ಒಂದು, ಎರಡು, ಮೂರು ಎಂಬ ಹೆಸರುಗಳು ಬಂದವು. ಮೊದಲನೆಯದರಲ್ಲಿ ತೇರ್ಗಡೆಯಾದವಳು ಕೂಡ ಮತ್ತೆ ಬರೆದು, ಹೆಚ್ಚಿನ ಅಂಕಗಳನ್ನು ಉಳಿಸಿಕೊಳ್ಳಬಹುದೆಂದು ಪರೀಕ್ಷಾ ಮಂಡಳಿಯವರು ಗೊತ್ತುಮಾಡಿದರು. ಆಯಾ ವರ್ಷ ಎಷ್ಟು ಸಲ ಪರೀಕ್ಷೆ ನಡೆಯುವುದೆಂಬುದನ್ನು ಮಂಡಳಿಯ ಪ್ರಕಟಣೆಯಿಂದಲೇ ತಿಳಿಯತಕ್ಕದ್ದು.

ಹೀಗಿರಲು, ಮೊದಲು ಏಳುವ ಆಕ್ಷೇಪಣೆ ನೀತಿಗೆ ಸಂಬಂಧಪಟ್ಟುದು. ಕೆಲವರು ತಂದೆತಾಯಿಗಳು ನಮ್ಮೊಡನೆ ಸಂಕೋಚದಿಂದ ಕೇಳುವುದುಂಟು: “ಅಮ್ಮಾ, ಕಡಮೆ ಬಂದುದನ್ನು ಮರೆಮಾಡಿ ಹೆಚ್ಚು ಬಂದುದನ್ನು ತೋರಿಸುವುದು ಮೋಸವಲ್ಲವೇ?” ಈ ಸಂಕೋಚವು ಸಜ್ಜನರ ಲಕ್ಷಣವೆಂದು ನಾವು ಒಪ್ಪುತ್ತೇವೆ. ಆದರೂ ಇಲ್ಲಿ ಮೋಸವಿಲ್ಲ. ನಿಯಮವು ಎಲ್ಲರಿಗೂ ಒಂದೇ ಆಗಿದ್ದು, ಬಹಿರಂಗವಾಗಿ ಪ್ರಕಟವಾಗಿರುವಾಗ, ಅದು ಕೊಟ್ಟ ಅವಕಾಶವನ್ನು ಉಪಯೋಗಿಸಿಕೊಳ್ಳುವುದು ನ್ಯಾಯವೇ ಸರಿ. ಅರ್ಜಿಯು ಎಲ್ಲ ಅಂಕಗಳನ್ನೂ ಕೇಳಿದರೆ ಎಲ್ಲವನ್ನೂ ಬರೆಯಬೇಕು. ಮೇಲಾದುದೊಂದನ್ನು ಮಾತ್ರ ಕೇಳಿದರೆ ಅದನ್ನು ಬರೆಯಬೇಕು. ಕೇಳಿದುದಕ್ಕೆ ಸುಳ್ಳು ಹೇಳುವುದು ಮೋಸ; ಕೇಳದುದನ್ನು ಹೇಳದಿರುವುದು ಮೋಸವಲ್ಲ. ತೆಂಗಿನ ತೋಟವಿರುವ ನಮ್ಮ ಕಡೆಯ ರೈತನು ಮಳೆ ಹೋದ ವರ್ಷದ ಒಂದು ಕೊಯ್ಲನ್ನೇ ನೋಡಿ ತೋಟದ ಬೆಲೆಯನ್ನು ಕಟ್ಟುವನೇ? ಜ್ವರದಲ್ಲಿ ಬರೆದ ಮೂರು ಗಂಟೆಗಳ ಉತ್ತರಪತ್ರಿಕೆಯೊಂದರಿಂದ ಹನ್ನೆರಡು ವರ್ಷಗಳ ಓದಿನ ಬೆಲೆಯನ್ನು ಕಟ್ಟುವುದೂ ಅಂತಹದೇ.

ಅಂಕವೆಂಬುದು ಕಲ್ಲಿನಲ್ಲಿ ಕೆತ್ತಿದ ಶಾಸನವೆಂದು ನಂಬಿರುವವರಿಗೆ ಈಚಿನ ಎರಡು ಸಂಗತಿಗಳನ್ನು ಜ್ಞಾಪಿಸಬಯಸುತ್ತೇವೆ. ಕೊರೋನಾ ಪಿಡುಗಿನ ಕಾರಣ 2021ರಲ್ಲಿ ದ್ವಿತೀಯ ಪಿ.ಯು.ಸಿ. ಪರೀಕ್ಷೆಯು ರದ್ದಾಗಿ, ಹತ್ತನೆಯ ತರಗತಿಯ ಮತ್ತು ಪ್ರಥಮ ಪಿ.ಯು.ಸಿ.ಯ ಅಂಕಗಳಿಗೆ ಆಂತರಿಕ ಅಂಕಗಳನ್ನು ಕೂಡಿಸಿ ಫಲಿತಾಂಶವನ್ನು ಕೊಟ್ಟರು. ಅವರಲ್ಲಿ ಸುಮಾರು 24,000 ಮಂದಿ 2022ರಲ್ಲಿ ಮತ್ತೆ ಸಿ.ಇ.ಟಿ. ಬರೆದಾಗ, ಪರೀಕ್ಷಾ ಪ್ರಾಧಿಕಾರದವರು ಅವರ ಪಿ.ಯು.ಸಿ. ಅಂಕಗಳನ್ನು ಬಿಟ್ಟು, ಸಿ.ಇ.ಟಿ. ಅಂಕಗಳ ಮೇಲೆಯೇ ರ‍್ಯಾಂಕುಗಳನ್ನು ಗೊತ್ತುಮಾಡಿದರು. ವಿಷಯವು ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಒಂದು ಸಂಧಾನದ ಸೂತ್ರವು ಏರ್ಪಟ್ಟು, 2021ರವರ ಪಿ.ಯು.ಸಿ. ಅಂಕಗಳಲ್ಲಿ ಒಂದಷ್ಟನ್ನು ಕಳೆದು, ಮಿಕ್ಕುದನ್ನು ಸೇರಿಸಿಕೊಂಡು ಹೊಸ ರ‍್ಯಾಂಕು ಪಟ್ಟಿಯನ್ನು ಸಿದ್ಧಪಡಿಸಬೇಕಾಯಿತು. ಎರಡನೆಯ ಸಂಗತಿ 2024ರದು. ಆ ವರ್ಷದ ಸಿ.ಇ.ಟಿ.ಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದುವೆಂಬ ಕೂಗೆದ್ದು, 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಒಬ್ಬಳೇ ಹುಡುಗಿ, ಅವಳದೇ ಬುದ್ಧಿ, ಅವಳದೇ ಉತ್ತರಪತ್ರಿಕೆ. ಆದರೆ ಲೆಕ್ಕದ ಕ್ರಮ ಬದಲಾದೊಡನೆ ಅವಳ ಸ್ಥಾನವೂ ಬದಲಾಯಿತು. ಇದನ್ನು ನಾವು ಅಧಿಕಾರಿಗಳನ್ನು ದೂಷಿಸಲು ಹೇಳುತ್ತಿಲ್ಲ. ಅಂಕವು ವಿದ್ಯಾರ್ಥಿನಿಯಲ್ಲ, ಅವಳ ವಿಷಯವಾಗಿ ಒಂದು ದಿನ ಕೊಟ್ಟ ಒಂದು ಸಾಕ್ಷ್ಯ ಮಾತ್ರ ಎಂದು ತೋರಿಸಲು ಹೇಳುತ್ತಿದ್ದೇವೆ. ಹಲವು ಸಾಕ್ಷ್ಯಗಳಿರುವಾಗ ಯಾವ ಸಾಕ್ಷ್ಯವು ಯಾವ ಪೀಠದ ಮುಂದೆ ನಿಲ್ಲುವುದೆಂದು ತಿಳಿದಿರುವುದು ವಿವೇಕ.

ಪ್ರತಿಯೊಂದು ಬಾಗಿಲಿಗೂ ಅದರದೇ ಆದ ನಿಯಮವಿದೆ. ಅದನ್ನು ತಿಳಿಯದೆ ಪಡುವ ಶ್ರಮ ವ್ಯರ್ಥ. ಎಂಜಿನಿಯರಿಂಗ್ ಶಿಕ್ಷಣಕ್ಕೆ ಸಿ.ಇ.ಟಿ.ಯ ಮೂಲಕ ಹೋಗುವವರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಲ್ಲಿ ಬಂದ ಪಿ.ಯು.ಸಿ. ಅಂಕಗಳಿಗೆ ಅರ್ಧ, ಸಿ.ಇ.ಟಿ.ಯ 180 ಅಂಕಗಳಿಗೆ ಅರ್ಧ ಎಂಬಂತೆ ಲೆಕ್ಕ ನಡೆಯುತ್ತದೆ. ಇಬ್ಬರು ಹುಡುಗಿಯರನ್ನು ಊಹಿಸಿಕೊಳ್ಳೋಣ. ಮೊದಲನೆಯವಳು ತಾಳ್ಮೆಯಿಂದ ಓದಿ ಬರೆಯುವವಳು. ಪಿ.ಯು.ಸಿ.ಯಲ್ಲಿ 300ಕ್ಕೆ 270 ಪಡೆದಿದ್ದಾಳೆ, ಸಿ.ಇ.ಟಿ.ಯ ವೇಗಕ್ಕೆ ಹೊಂದಿಕೊಳ್ಳಲಾರದೆ 180ಕ್ಕೆ 72 ಪಡೆದಿದ್ದಾಳೆ. ನೂರಕ್ಕೆ 90ರಲ್ಲಿ ಅರ್ಧ 45, ನೂರಕ್ಕೆ 40ರಲ್ಲಿ ಅರ್ಧ 20, ಒಟ್ಟು 65. ಎರಡನೆಯವಳು ಚುರುಕಿನವಳು. ಪಿ.ಯು.ಸಿ.ಯಲ್ಲಿ 210, ಸಿ.ಇ.ಟಿ.ಯಲ್ಲಿ 108. ಅವಳದು 35 ಮತ್ತು 30. ಒಟ್ಟು ಅದೇ 65. ಸಿ.ಇ.ಟಿ.ಯ ಬಾಗಿಲಿನಲ್ಲಿ ಇಬ್ಬರೂ ಸಮಾನರು. ಆದರೆ ಕಾಮೆಡ್‌ಕೆಯವರು ರ‍್ಯಾಂಕು ಕೊಡುವುದು ತಮ್ಮ ಪರೀಕ್ಷೆಯ ಅಂಕಗಳ ಮೇಲೆಯೇ; ಅಲ್ಲಿ ಎರಡನೆಯವಳು ಮುಂದಾಗುವಳು, ಮೊದಲನೆಯವಳ 270 ಅವಳನ್ನು ಕಾಯದು. ಇನ್ನು ಮೊದಲನೆಯವಳು ಪಿ.ಯು.ಸಿ.ಯ ಎರಡನೆಯ ಪರೀಕ್ಷೆಗೆ ಕುಳಿತು 270ನ್ನು 285ಕ್ಕೆ ಏರಿಸಿಕೊಂಡು, ಆ ಅಂಕಗಳು ಕಾಲಕ್ಕೆ ಸರಿಯಾಗಿ ಲೆಕ್ಕಕ್ಕೆ ಸೇರಿದರೆ, ಅವಳ ಮೊತ್ತವು 67.5 ಆಗುವುದು. ಸಾವಿರಾರು ಮಂದಿ ಒತ್ತಾಗಿ ನಿಂತಿರುವ ಸಾಲಿನಲ್ಲಿ ಎರಡೂವರೆ ಅಂಕವೆಂದರೆ ಅಲ್ಪವಲ್ಲ. ಆದಕಾರಣ ಮೊದಲನೆಯವಳಿಗೆ ನಾವು ಹೇಳುವ ಬುದ್ಧಿ: ಮತ್ತೊಮ್ಮೆ ಬರೆ, ಸಿ.ಇ.ಟಿ.ಯ ಬಾಗಿಲನ್ನು ಮುಖ್ಯವಾಗಿ ನೋಡು. ಎರಡನೆಯವಳಿಗೆ ಹೇಳುವುದು: ಕಾಮೆಡ್‌ಕೆಯನ್ನು ಬಿಡಬೇಡ, ಆದರೆ ಅಲ್ಲಿಯ ಶುಲ್ಕವನ್ನು ಮನೆಯವರೊಡನೆ ಮೊದಲೇ ಲೆಕ್ಕಹಾಕು. ನಮ್ಮ ಬಟವಾಡಿಗೆ ಸಮೀಪದಲ್ಲಿ 1963ರಲ್ಲಿ ಸ್ಥಾಪಿತವಾದ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯಕ್ಕೇ ಈ ಎರಡು ಬಾಗಿಲುಗಳಲ್ಲಿ ಯಾವುದರಿಂದಲಾದರೂ ಹೋಗಬಹುದು. ತರಗತಿಯ ಕೊಠಡಿ ಒಂದೇ, ಉಪಾಧ್ಯಾಯರು ಅವರೇ; ಆದರೆ ಯಾವ ಬಾಗಿಲಿನಿಂದ ಬಂದಳೆಂಬುದರ ಮೇಲೆ ಶುಲ್ಕವು ಬೇರೆಯಾಗುತ್ತದೆ.

ವೈದ್ಯಶಿಕ್ಷಣವನ್ನು ಬಯಸುವವಳ ವಿಷಯ ಬೇರೆ. ಅಲ್ಲಿ ರ‍್ಯಾಂಕಿಗೆ ನೀಟ್ ಪರೀಕ್ಷೆಯ 720 ಅಂಕಗಳೇ ಆಧಾರ, ಪಿ.ಯು.ಸಿ. ಅಂಕಗಳು ಅರ್ಹತೆಗೆ ಮಾತ್ರ ಬೇಕು. ಅರ್ಹತೆಗೆ ಬೇಕಾದಷ್ಟು ಅಂಕಗಳು ಬಂದಿರುವಾಗ, ಅವನ್ನು ಇನ್ನಷ್ಟು ಹೆಚ್ಚಿಸಲು ಎರಡನೆಯ ಸಲ ಪಿ.ಯು.ಸಿ. ಬರೆದು, ನೀಟ್‌ಗೆ ಓದಬೇಕಾದ ವಾರಗಳನ್ನು ಕಳೆಯುವುದು ಬಾವಿಗೆ ನೀರು ಹೊತ್ತಂತೆ. ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಗೆ ಹೋಗಬೇಕೆನ್ನುವವಳಿಗೆ ಜೆ.ಇ.ಇ. ಮೇನ್ ಮುಖ್ಯ, ಅದರ ಸರದಿಗಳಲ್ಲಿ ಮೇಲಾದುದನ್ನೇ ಅವರು ತೆಗೆದುಕೊಳ್ಳುವುದರಿಂದ ಮೊದಲನೆಯ ಸರದಿ ಕೆಟ್ಟಿತೆಂದು ಎದೆಗುಂದಬೇಕಾಗಿಲ್ಲ. ಆದರೆ ಅಲ್ಲಿಗೆ ಹೋಗಲು ಪಿ.ಯು.ಸಿ.ಯಲ್ಲಿ ನೂರಕ್ಕೆ 75 ಅಂಕಗಳಾದರೂ ಇರಬೇಕು, ಇಲ್ಲವೇ ತನ್ನ ಮಂಡಳಿಯ ವಿದ್ಯಾರ್ಥಿಗಳಲ್ಲಿ ಮೇಲಿನ ಐದನೆಯ ಒಂದು ಭಾಗದಲ್ಲಿ ಸೇರಿರಬೇಕೆಂಬ ನಿಬಂಧನೆ ಬೇರೆ ಇದೆ. ಅರ್ಹತೆಯ ಗೆರೆಗೆ ಎರಡು ಅಂಕ ಸಾಲದೆ ನಿಂತವಳಿಗೆ ಮಾತ್ರ ಪಿ.ಯು.ಸಿ.ಯ ಎರಡನೆಯ ಪರೀಕ್ಷೆ ಇಲ್ಲಿ ಸಂಜೀವಿನಿ. ಇಂತಹ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನಗಳು ಆಯಾ ರಾಜ್ಯದವರಿಗೇ ಮೀಸಲಾಗಿವೆ. 2018ರಿಂದ ಹುಡುಗಿಯರಿಗೆಂದೇ ಹೆಚ್ಚುವರಿ ಸ್ಥಾನಗಳನ್ನೂ ಏರ್ಪಡಿಸಿದ್ದಾರೆ. ನಮ್ಮ ಕಡೆಯ ಎಷ್ಟು ಮನೆಗಳಲ್ಲಿ ಈ ಸಮಾಚಾರ ತಿಳಿದಿದೆ? ವಾಸ್ತುಶಿಲ್ಪ ಕಲಿಯಬೇಕೆನ್ನುವವಳಿಗೆ ನಾಟಾ ಪರೀಕ್ಷೆ ಅರ್ಧ, ಪಿ.ಯು.ಸಿ. ಅರ್ಧ. 2022ರಿಂದ ಕೇಂದ್ರೀಯ ವಿಶ್ವವಿದ್ಯಾನಿಲಯಗಳಿಗೆ ಸಿ.ಯು.ಇ.ಟಿ. ಬೇರೆ. ಇವೆಲ್ಲವನ್ನೂ ಒಬ್ಬಳೇ ಬರೆಯಬೇಕೆಂದು ಇದರ ಅರ್ಥವಲ್ಲ. ಯಾವುದನ್ನು ಕಲಿಯಬೇಕೆಂಬುದು ಮೊದಲು ನಿಶ್ಚಯವಾದರೆ, ಯಾವ ಅಂಕ ಬೇಕೆಂಬುದು ತಾನಾಗಿ ಗೊತ್ತಾಗುವುದು. ನಮ್ಮವರಲ್ಲಿ ಅನೇಕರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಬಂದ ಅಂಕಗಳನ್ನು ಮುಂದಿಟ್ಟುಕೊಂಡು, “ಇಷ್ಟಕ್ಕೆ ಏನು ಸಿಗುತ್ತದೆ?” ಎಂದು ಸಂತೆಯಲ್ಲಿ ಕೇಳಿದಂತೆ ಕೇಳುತ್ತಾರೆ.

ನಿಯಮಗಳ ಮಾತು ಇಷ್ಟೇ ಆಗಿದ್ದರೆ ಒಂದು ಕರಪತ್ರವನ್ನು ಅಚ್ಚುಹಾಕಿಸಿ ಹಂಚಿದ್ದರೆ ಸಾಕಾಗುತ್ತಿತ್ತು. ನಮ್ಮ ಮನಸ್ಸಿನಲ್ಲಿ ಬಹುಕಾಲದಿಂದ ಇರುವ ವ್ಯಥೆ ಬೇರೆಯದು. 2024ರ ಎಸ್.ಎಸ್.ಎಲ್.ಸಿ. ಮೊದಲನೆಯ ಪರೀಕ್ಷೆಯಲ್ಲಿ ರಾಜ್ಯದ ಹುಡುಗಿಯರಲ್ಲಿ ನೂರಕ್ಕೆ 81.11 ಮಂದಿಯೂ ಹುಡುಗರಲ್ಲಿ 65.90 ಮಂದಿಯೂ ತೇರ್ಗಡೆಯಾದರು. ಹುಡುಗಿಯರು ಮುಂದಿರುವುದು ಆ ಒಂದು ವರ್ಷದ ಸಂಗತಿಯಲ್ಲ, ವರ್ಷವರ್ಷವೂ ಕಾಣುವ ಸಂಗತಿ. ಆದರೆ ಅಂಕಗಳನ್ನು ಹಿಡಿದು ಕಾಲೇಜುಗಳ ಬಾಗಿಲು ತಟ್ಟುವ ದಿನ ಬಂದಾಗ, ಈ ಮುಂದಿರುವವರೇ ಹಿಂದೆ ಸರಿಯುವುದನ್ನು ನಾವು ಕಣ್ಣಾರೆ ನೋಡುತ್ತಿದ್ದೇವೆ. ಮಗನಿಗೆ ಅಂಕ ಕಡಮೆ ಬಂದರೆ, “ಪರೀಕ್ಷೆ ಕಷ್ಟವಾಗಿತ್ತು, ಇನ್ನೊಂದು ಸಲ ಬರೆಯಲಿ” ಎನ್ನುವ ಮನೆಯಲ್ಲಿಯೇ ಮಗಳಿಗೆ ಕಡಮೆ ಬಂದರೆ, “ಇವಳ ಹಣೆಯಲ್ಲಿ ಇಷ್ಟೇ ಬರೆದಿತ್ತು, ಹತ್ತಿರದ ಕಾಲೇಜಿಗೆ ಸೇರಿಸಿದರಾಯಿತು” ಎನ್ನುತ್ತಾರೆ. ಮತ್ತೆ ಪರೀಕ್ಷೆಗೆ ಕುಳಿತರೆ, “ಅವಳು ನಪಾಸಾದಳಂತೆ” ಎಂದು ನೆಂಟರಿಷ್ಟರು ಆಡಿಕೊಳ್ಳುವರೆಂಬ ಭಯ ತಾಯಿಗೆ. ಸಂಬಂಧ ನೋಡುವವರು ಏನೆಂದುಕೊಳ್ಳುವರೋ ಎಂಬ ಚಿಂತೆ ಅಜ್ಜಿಗೆ. ಪೂರಕ ಪರೀಕ್ಷೆಯೆಂದರೆ ಮುಖ್ಯವಾಗಿ ತೇರ್ಗಡೆಯಾಗದವರ ಪರೀಕ್ಷೆಯೆಂದು ಜನರು ತಿಳಿದಿದ್ದ ಕಾಲದಲ್ಲಿ ಆ ಮಾತು ಹುಟ್ಟಿತು. ಪರೀಕ್ಷೆಯ ಹೆಸರು ಹೋಗಿದೆ, ನಿಯಮವೂ ಹೋಗಿದೆ; ನಾಚಿಕೆ ಮಾತ್ರ ಮನೆಯಿಂದ ಹೊರಗೆ ಹೋಗಿಲ್ಲ.

ಈ ನಾಚಿಕೆಯು ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. ಅಮೆರಿಕದ ಕಾಲೇಜುಗಳು ಬಹುಕಾಲದಿಂದ ಸ್ಯಾಟ್ ಎಂಬ ಪರೀಕ್ಷೆಯ ಅಂಕಗಳನ್ನು ಕೇಳುತ್ತಿದ್ದವು. 2020ರ ಪಿಡುಗಿನ ಕಾಲದಲ್ಲಿ ಪರೀಕ್ಷೆ ಬರೆಯುವುದೇ ಕಷ್ಟವಾದುದರಿಂದ, ಅಂಕಗಳನ್ನು ಕಳುಹಿಸುವುದು ಬಿಡುವುದು ವಿದ್ಯಾರ್ಥಿಗಳ ಇಷ್ಟವೆಂದು ಅವುಗಳಲ್ಲಿ ಬಹುಪಾಲು ಸಾರಿದವು. ಬಡವರ ಮಕ್ಕಳಿಗೆ ಇದರಿಂದ ಅನುಕೂಲವೆಂದು ಅನೇಕರು ತಿಳಿದರು. ಆದರೆ ಡಾರ್ಟ್‌ಮತ್ ಎಂಬ ಹೆಸರಾಂತ ಕಾಲೇಜಿನವರು ತಮ್ಮಲ್ಲಿಗೆ ಬಂದ ಅರ್ಜಿಗಳನ್ನು ಪರಿಶೀಲಿಸಿದಾಗ ವಿಚಿತ್ರವಾದ ಸಂಗತಿಯೊಂದು ತಿಳಿದುಬಂದಿತು. ಅನುಕೂಲವಿಲ್ಲದ ಮನೆತನಗಳ ಮಕ್ಕಳಲ್ಲಿ ಅನೇಕರು, ಕಳುಹಿಸಿದ್ದರೆ ತಮಗೆ ಸಹಾಯವಾಗಬಹುದಾಗಿದ್ದ ಅಂಕಗಳನ್ನೇ ಕಳುಹಿಸದೆ ಉಳಿಸಿಕೊಂಡಿದ್ದರು! ಹಣವಂತರ ಮಕ್ಕಳ ಅಂಕಗಳೊಡನೆ ತಮ್ಮವನ್ನು ಹೋಲಿಸಿಕೊಂಡು, ಇವು ಸಾಲವೆಂದು ಅವರು ಹಿಂಜರಿದಿದ್ದರು. ಸಾಧಾರಣವಾದ ಶಾಲೆಯಲ್ಲಿ ಓದಿ ಆ ಮಟ್ಟಕ್ಕೆ ಏರಿದವರೆಂದು ಪರೀಕ್ಷಕರು ಅವೇ ಅಂಕಗಳನ್ನು ಮೆಚ್ಚಿಕೊಳ್ಳುತ್ತಿದ್ದರೆಂಬುದನ್ನು ಅವರಿಗೆ ತಿಳಿಸಿದವರು ಯಾರೂ ಇರಲಿಲ್ಲ. ಕಡೆಗೆ 2024ರಲ್ಲಿ ಆ ಕಾಲೇಜಿನವರು ಅಂಕಗಳನ್ನು ಕಳುಹಿಸಲೇಬೇಕೆಂದು ಮತ್ತೆ ನಿಯಮ ಮಾಡಿದರು.

ಈ ವೃತ್ತಾಂತವನ್ನು ಓದಿದಾಗ ನಮಗೆ ಹೊಳೆದದ್ದು ಗುಬ್ಬಿ, ಕುಣಿಗಲ್ ಸೀಮೆಗಳ ನಮ್ಮ ಹುಡುಗಿಯರೇ. ಹಳ್ಳಿಯಿಂದ ಬಂದು, ಮನೆಯಲ್ಲಿ ನೀರು ಸೌದೆಗಳ ಕೆಲಸವನ್ನೂ ಮುಗಿಸಿ, ಟ್ಯೂಷನ್ ಕಾಣದೆ ನೂರಕ್ಕೆ ಎಂಬತ್ತು ತಂದವಳು ಬೆಂಗಳೂರಿನ ತೊಂಬತ್ತೈದರವಳನ್ನು ನೆನೆದು ತಲೆ ತಗ್ಗಿಸುತ್ತಾಳೆ. ಸಿ.ಇ.ಟಿ.ಯಲ್ಲಿ ಕಾಲೇಜುಗಳ ಆದ್ಯತೆಯನ್ನು ಬರೆಯುವಾಗ, “ನಮಗೆಲ್ಲಿ ಸಿಗುತ್ತದೆ” ಎಂದು ಒಳ್ಳೆಯ ಕಾಲೇಜಿನ ಹೆಸರನ್ನೇ ಬರೆಯದೆ ಬಿಡುತ್ತಾಳೆ. ಬರೆದ ಹೆಸರಿಗೆ ಸ್ಥಾನ ಸಿಗದಿರಬಹುದು. ಬರೆಯದ ಹೆಸರಿಗಂತೂ ಎಂದಿಗೂ ಸಿಗದು. ತನ್ನ ಅಂಕಗಳಿಗೆ ತಾನೇ ಮೊದಲನೆಯ ಪರೀಕ್ಷಕಳಾಗಿ, ತನ್ನನ್ನು ತಾನೇ ಅನುತ್ತೀರ್ಣಗೊಳಿಸಿಕೊಳ್ಳುವ ಈ ಅಭ್ಯಾಸವೇ ನಮ್ಮ ಹೆಣ್ಣುಮಕ್ಕಳಿಗೆ ದೊಡ್ಡ ಶತ್ರುವೆಂದು ನಾವು ತಿಳಿದಿದ್ದೇವೆ. ಅವಳು ಮುಂದಿಡುವ ಅಂಕವನ್ನು ಅವಳ ಸಂಕೋಚವು ಗೊತ್ತುಮಾಡಬಾರದು. ಅವಳ ಉದ್ದೇಶವೂ ಆ ಬಾಗಿಲಿನ ನಿಯಮವೂ ಗೊತ್ತುಮಾಡಬೇಕು. ಇದೇ ಈ ಲೇಖನದ ಸಾರ.

ಅಂಕಗಳ ಜೊತೆಗೆ ಮುಂದಿಡಬೇಕಾದ ಬೇರೆ ಕಾಗದಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ಸಿ.ಇ.ಟಿ.ಯಲ್ಲಿ ಒಂದನೆಯ ತರಗತಿಯಿಂದ ಹತ್ತನೆಯವರೆಗೆ ಗ್ರಾಮಾಂತರ ಪ್ರದೇಶದಲ್ಲಿ ಓದಿದವರಿಗೆ ನೂರಕ್ಕೆ 15, ಅದೇ ಹತ್ತು ವರ್ಷಗಳನ್ನು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5 ಸ್ಥಾನಗಳು ಮೀಸಲಾಗಿವೆ. ಇಲ್ಲಿ ತಂದೆತಾಯಿಗಳು ಗಮನಿಸತಕ್ಕ ಅಂಶವೊಂದಿದೆ. ಏಳನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿ, ಎಂಟನೆಯದಕ್ಕೆ ನಗರದ ಎಲ್ಲೆಯೊಳಗಿನ ಶಾಲೆಗೆ ಬಂದವಳಿಗೆ ಗ್ರಾಮಾಂತರದ ಮೀಸಲಾತಿ ಸಲ್ಲುವುದಿಲ್ಲ. ಹತ್ತು ವರ್ಷಗಳೂ ಪೂರ್ತಿಯಾಗಿರಬೇಕು. ಕನ್ನಡ ಮಾಧ್ಯಮದಲ್ಲಿಯೇ ಮುಂದುವರಿದಿದ್ದರೆ ಆ ಮೀಸಲಾತಿಯು ಉಳಿಯುವುದು. ಮಗಳನ್ನು ನಮ್ಮಂತಹ ನಗರದ ಶಾಲೆಗೆ ಸೇರಿಸುವ ಮೊದಲೇ ಇದನ್ನು ತೂಗಿ ನೋಡಬೇಕೆಂದು, ನಮ್ಮ ಶಾಲೆಗೆ ಮಕ್ಕಳು ಕಡಮೆಯಾದರೂ ಚಿಂತೆಯಿಲ್ಲವೆಂದು, ನಾವು ಬಿಚ್ಚಿ ಹೇಳುತ್ತೇವೆ. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ರಾಜ್ಯದ ಸಿ.ಇ.ಟಿ.ಗೆ ಬೇಕಾದ ಪತ್ರವೇ ಬೇರೆ, ಜೆ.ಇ.ಇ. ಮತ್ತು ನೀಟ್‌ಗಳ ಅಖಿಲ ಭಾರತದ ಸ್ಥಾನಗಳಿಗೆ ಹಿಂದುಳಿದ ವರ್ಗದವರು ಕೊಡಬೇಕಾದ ಕೇಂದ್ರ ನಮೂನೆಯ ಪತ್ರವೇ ಬೇರೆ. ಫಲಿತಾಂಶ ಬಂದ ಮೇಲೆ ಇವುಗಳಿಗಾಗಿ ಓಡಾಡುವುದು ಅಟ್ಟ ಮೇಲೆ ಒಲೆ ಉರಿದಂತೆ. ಒಳ್ಳೆಯ ಅಂಕವಿದ್ದೂ ಒಂದು ಕಾಗದಕ್ಕಾಗಿ ಸ್ಥಾನವನ್ನು ಕಳೆದುಕೊಂಡವಳ ದುಃಖಕ್ಕೆ ಯಾವ ಮರುಪರೀಕ್ಷೆಯೂ ಪರಿಹಾರವಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಷದ ಮಾತನ್ನೂ ಹೇಳದಿದ್ದರೆ ನ್ಯಾಯವಾಗದು. ಅವಕಾಶವಿದೆಯೆಂದು ಎಲ್ಲ ಪರೀಕ್ಷೆಗಳನ್ನೂ ಮಕ್ಕಳಿಂದ ಬರೆಸುವ ತಂದೆತಾಯಿಗಳೂ ಇದ್ದಾರೆ. 625ಕ್ಕೆ 618 ಬಂದ ಬಾಲಿಕೆಯನ್ನು, ಪಕ್ಕದ ಮನೆಯವಳಿಗೆ 620 ಬಂದಿತೆಂದು, ಮತ್ತೆ ಪರೀಕ್ಷೆಗೆ ಕೂರಿಸುವುದು ವಿದ್ಯಾಭಿಮಾನವಲ್ಲ, ಬರಿಯ ಜಂಬ. ಅವಳಿಗೆ ಆಗ ಬೇಕಾದುದು ವಿಶ್ರಾಂತಿ. ಪ್ರತಿ ಅರ್ಜಿಗೂ ಶುಲ್ಕವಿದೆ, ಕೆಲವು ಪರೀಕ್ಷೆಗಳಿಗೆ ಬೇರೆ ಊರಿಗೆ ಹೋಗಬೇಕು, ಜೊತೆಗೆ ಒಬ್ಬರು ಕೂಲಿಯನ್ನೋ ಕೆಲಸವನ್ನೋ ಬಿಟ್ಟು ಹೋಗಬೇಕು. ಹಣವುಳ್ಳವರಿಗೆ ಇದು ಭಾರವಲ್ಲ. ಇಲ್ಲದವರಿಗೆ ಒಂದೊಂದೂ ಭಾರ. ಪರೀಕ್ಷೆಗಳು ಹೆಚ್ಚಿದಷ್ಟೂ ಹಣವುಳ್ಳವರ ಕೈಯಲ್ಲಿ ಆರಿಸಿಕೊಳ್ಳುವುದಕ್ಕೆ ಹೆಚ್ಚು ಅಂಕಪಟ್ಟಿಗಳು ಸೇರುತ್ತವೆ ಎಂಬ ಆಕ್ಷೇಪಣೆಯಲ್ಲಿ ನಿಜವಿದೆ. ಹಣದ ಚೀಲವನ್ನು ಹೊರಹಾಕಲು ತಂದ ಪರೀಕ್ಷೆಗಳ ಹಿತ್ತಲ ಬಾಗಿಲಿನಿಂದ ಅದೇ ಚೀಲವು ಕೋಚಿಂಗ್ ರೂಪದಲ್ಲಿ ಒಳಗೆ ಬರುತ್ತಿದೆ. ಇದಕ್ಕೆ ಪರಿಹಾರವೆಂದರೆ ಬಡ ಹುಡುಗಿಯು ಪರೀಕ್ಷೆಗಳನ್ನು ಬಿಟ್ಟುಬಿಡುವುದಲ್ಲ. ಹತ್ತರ ಬದಲು ತನಗೆ ತಕ್ಕ ಎರಡನ್ನು ಸರಿಯಾಗಿ ಆರಿಸಿಕೊಳ್ಳುವುದು. ಆ ಎರಡು ಯಾವುವೆಂದು ಹೇಳುವವರು ಬೇಕು. ಕೋಚಿಂಗ್ ನಡೆಸುವವರನ್ನು ಈ ವಿಷಯದಲ್ಲಿ ಕೇಳುವುದು ತಕ್ಕುದಲ್ಲ. ಎಣ್ಣೆ ಮಾರುವವನನ್ನು ಒಗ್ಗರಣೆಗೆ ಎಷ್ಟು ಎಣ್ಣೆ ಬೇಕೆಂದು ಕೇಳಿದಂತಾದೀತು.

ಮತ್ತೆ ಬರೆಯುವ ವಿಷಯದಲ್ಲಿ ನಾವು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವಂತೆ ಹೇಳುತ್ತೇವೆ. ಹೋಗಬೇಕೆಂದಿರುವ ಬಾಗಿಲಿನಲ್ಲಿ ಈ ಅಂಕ ಲೆಕ್ಕಕ್ಕೆ ಬರುತ್ತದೆಯೇ? ಮೊದಲ ಸಲ ಕಡಮೆಯಾದುದಕ್ಕೆ ಕಾರಣ ತಿಳಿದಿದೆಯೇ, ಆ ಕಾರಣ ಈಗ ಹೋಗಿದೆಯೇ? ಹೊಸ ಅಂಕಗಳು ಪ್ರವೇಶದ ಕಾಲಕ್ಕೆ ಕೈಗೆ ಬರುತ್ತವೆಯೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಬರೆಯಲಿ. ಒಂದಕ್ಕಾದರೂ ಅಲ್ಲವೆಂದು ಬಂದರೆ ಆ ಶ್ರಮವನ್ನು ಬೇರೆ ಕಡೆಗೆ ತಿರುಗಿಸಲಿ. ಆದರೆ ಈ ಪ್ರಶ್ನೆಗಳನ್ನು ತಂದೆಯೂ ಸೋದರಮಾವನೂ ಹಜಾರದಲ್ಲಿ ಕುಳಿತು ಚರ್ಚಿಸಿ, ಅಡುಗೆಮನೆಯಲ್ಲಿರುವ ಮಗಳಿಗೆ ತೀರ್ಪನ್ನು ಕೂಗಿ ಹೇಳುವ ಪದ್ಧತಿ ಸಲ್ಲದು. ಅಂಕಗಳನ್ನು ಸಂಪಾದಿಸಿದವಳು ಅವಳು. ಮುಂದಿನ ನಾಲ್ಕೈದು ವರ್ಷಗಳು ಆ ಕಾಲೇಜಿನಲ್ಲಿ ಕಳೆಯುವವಳೂ ಅವಳೇ. ಅರ್ಜಿಯನ್ನು ತನ್ನ ಕೈಯಿಂದ ಅವಳೇ ತುಂಬಲಿ. ಅದರ ಗುಪ್ತಸಂಖ್ಯೆ ಅವಳಿಗೇ ತಿಳಿದಿರಲಿ. ಹಿರಿಯರು ಪಕ್ಕದಲ್ಲಿ ಕುಳಿತು ಬುದ್ಧಿ ಹೇಳಲಿ. ಸೈಬರ್ ಅಂಗಡಿಯವನು ತುಂಬಿದ ಅರ್ಜಿಯಲ್ಲಿ ಏನಿದೆಯೆಂದು ತಿಳಿಯದೆ ಸಹಿ ಹಾಕಿ ಬಂದ ವಿದ್ಯಾವತಿಯರನ್ನು ನಾವು ನೋಡಿದ್ದೇವೆ. ಹತ್ತು ವರ್ಷ ಓದುಬರಹ ಕಲಿಸಿದುದರ ಫಲ ಇದಾಗಬಾರದು.

ಪ್ರೌಢಶಾಲೆಯವರಾದ ನಮ್ಮ ಕರ್ತವ್ಯ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನು ಕೈಗಿತ್ತೊಡನೆ ಮುಗಿಯಿತೆಂದು ವಾದಿಸುವವರಿರಬಹುದು. ನಾವು ಹಾಗೆ ತಿಳಿದಿಲ್ಲ. ಹತ್ತನೆಯ ತರಗತಿಯಲ್ಲಿಯೇ, ಪಿ.ಯು.ಸಿ.ಯಲ್ಲಿ ಯಾವ ವಿಷಯಗಳನ್ನು ಆರಿಸಿಕೊಂಡರೆ ಮುಂದೆ ಯಾವ ಬಾಗಿಲುಗಳು ತೆರೆಯುವುವು, ಯಾವುವು ಮುಚ್ಚುವುವು ಎಂಬುದನ್ನು ಪ್ರತಿಯೊಬ್ಬ ಬಾಲಿಕೆಗೂ ತಿಳಿಸುವುದು ಶಾಲೆಗಳ ಕೆಲಸವೆಂದು ನಮ್ಮ ನಿಶ್ಚಿತವಾದ ಅಭಿಪ್ರಾಯ. ಗಣಿತವನ್ನು ಬಿಟ್ಟವಳಿಗೆ ಎಂಜಿನಿಯರಿಂಗ್ ಸಾಲಿನಲ್ಲಿ ನಿಲ್ಲಲು ಯಾವ ಅಂಕಪಟ್ಟಿಯೂ ಸಹಾಯ ಮಾಡದು. ಅದನ್ನು ಎರಡು ವರ್ಷಗಳ ಅನಂತರ ತಿಳಿದು ಫಲವೇನು?

ಈ ಕಾರ್ಯದಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರ ನೆರವು ಬೇಕು. ನಿಮ್ಮಲ್ಲಿ ದಾದಿಯರಿದ್ದೀರಿ, ಉಪಾಧ್ಯಾಯಿನಿಯರಿದ್ದೀರಿ, ಎಂಜಿನಿಯರರಿದ್ದೀರಿ, ಬ್ಯಾಂಕಿನಲ್ಲಿಯೂ ಕಚೇರಿಗಳಲ್ಲಿಯೂ ಕೆಲಸಮಾಡುವವರಿದ್ದೀರಿ. ಈ ಬಾಗಿಲುಗಳನ್ನು ದಾಟಿದವರು ನೀವು. ಯಾವ ಬಾಗಿಲಿನ ಹೊಸ್ತಿಲು ಎತ್ತರ, ಯಾವುದರ ಚೌಕಟ್ಟು ತಗ್ಗು ಎಂಬುದು ನಿಮಗೆ ತಿಳಿದಿರುವಂತೆ ಪುಸ್ತಕಕ್ಕೂ ತಿಳಿಯದು. ಫಲಿತಾಂಶಗಳು ಬರುವ ತಿಂಗಳಿನಲ್ಲಿ ಒಂದು ಶನಿವಾರ ಶಾಲೆಗೆ ಬಂದು, ಬೆಂಚಿನ ಮೇಲೆ ಒಬ್ಬ ಹುಡುಗಿಯನ್ನೂ ಅವಳ ತಾಯಿಯನ್ನೂ ಕೂರಿಸಿಕೊಂಡು, ಅವಳ ಅಂಕಪಟ್ಟಿಗಳನ್ನು ಹರಡಿ, ಅರ್ಧ ಗಂಟೆ ಮಾತನಾಡಿರಿ. ಶಾಲೆಗೆ ಬೀರುವನ್ನೋ ಗಡಿಯಾರವನ್ನೋ ಕಾಣಿಕೆಯಾಗಿ ಕೊಡುವುದಕ್ಕಿಂತ ಈ ಅರ್ಧ ಗಂಟೆಯು ದೊಡ್ಡ ಕಾಣಿಕೆ.

ತಂದೆತಾಯಿಗಳಿಗೆ ನಮ್ಮ ಬಿನ್ನಹ ಇಷ್ಟೆ. ಮಗಳ ಅಂಕಪಟ್ಟಿಯನ್ನು ನೋಡಿದಾಗ ಅಕ್ಕಪಕ್ಕದವರ ಮುಖವನ್ನು ನೋಡಬೇಡಿರಿ, ಮಗಳ ಮುಖವನ್ನು ನೋಡಿರಿ. ಅವಳಿಗೆ ಏನು ಕಲಿಯಬೇಕೆಂದಿದೆಯೆಂದು ಕೇಳಿರಿ. ಆಮೇಲೆ ನಿಯಮಗಳ ಪುಸ್ತಕವನ್ನು ತೆರೆಯಿರಿ. ಎರಡನೆಯ ಅವಕಾಶವು ಅವಳಿಗೆ ಸಲ್ಲುವುದಾದರೆ, ಮಗನಿಗೆ ಹೇಗೋ ಹಾಗೆಯೇ ಅವಳಿಗೂ ಧಾರಾಳವಾಗಿ ಕೊಡಿರಿ. ಸಲ್ಲದಿದ್ದರೆ, ಬಂದ ಅಂಕವನ್ನೇ ತಲೆಯೆತ್ತಿ ಮುಂದಿಡಲು ಧೈರ್ಯ ಹೇಳಿರಿ. ಕಾಲೇಜಿನವರು ಅವಳ ಅರ್ಜಿಯನ್ನು ಬೇಡವೆನ್ನಬಹುದು, ಅದು ಅವರಿಗೆ ಸೇರಿದ ವಿಷಯ. ಅರ್ಜಿ ಬರೆಯುವ ಮೊದಲೇ ಮನೆಯವರು ಬೇಡವೆನ್ನದಿರಲೆಂಬುದೇ ನಮ್ಮ ಕೋರಿಕೆ.